ಆಣೆಗಿಂತ ಲೆಕ್ಕ ಲೇಸು

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯ ಹೆಸರಿನಲ್ಲೇ ನೀರಿದೆ. ಅಂಬುಧಿ ಎಂದರೆ ಕಡಲು. ಬಯಲುಸೀಮೆಯ ಈ ಊರಿಗೆ ಕಡಲೆಲ್ಲಿಂದ ಬರಬೇಕು? ಇರುವುದು ದೊಡ್ಡ ಕೆರೆ. ಕೆರೆಯಿರುವ ಊರಿನ ಹಿರಿಯರಿಗೆ ಒಂದು ವಿದ್ಯೆ ಯಾರೂ ಹೇಳಿಕೊಡದೆ ಬಂದಿರುತ್ತದೆ. ಮಳೆ ಹಿಡಿದ ವರ್ಷ ಅವರು ಏರಿಯ ಉದ್ದಕ್ಕೂ ಒಂದು ಸುತ್ತು ನಡೆದು ಬರುತ್ತಾರೆ. ಏರಿಯ ಹಿಂಬದಿಯಲ್ಲಿ ನೀರು ಜಿನುಗುತ್ತಿದೆಯೇ? ಜಿನುಗುವ ನೀರು ತಿಳಿಯಾಗಿದೆಯೋ, ಮಣ್ಣು ಕದಡಿ ಕೆಂಪಾಗಿದೆಯೋ? ಹೆಗ್ಗಣ ಬಿಲ ತೋಡಿದೆಯೇ? ಕೋಡಿಯಲ್ಲಿ ಕಸಕಡ್ಡಿ ಕಟ್ಟಿಕೊಂಡಿದೆಯೇ? ಹಿಂದೊಮ್ಮೆ ಒಡೆದು ಮುಚ್ಚಿದ ಜಾಗ ಮತ್ತೆ ಕುಸಿದಿದೆಯೇ? ಕೆರೆ ಇಂಥ ದಿನ ಒಡೆಯುತ್ತದೆ ಎಂದು ಅವರು ಹೇಳಲಾರರು. ಆದರೆ ಕುರುಹು ಒಂದಿದ್ದರೆ ಒಬ್ಬ ಕಾವಲುಗಾರ, ನಾಲ್ಕೈದು ಒಟ್ಟಿಗೆ ಕಂಡರೆ ಊರಿಗೆಲ್ಲ ಎಚ್ಚರಿಕೆ. ಇದು ಅವರ ಲೆಕ್ಕ.

ಕೆರೆಗೆ ಹಾಕುವ ಈ ಲೆಕ್ಕವನ್ನು ಜನ ಮನೆಯೊಳಗಿನ ಒಂದು ಅಪಾಯಕ್ಕೆ ಮಾತ್ರ ಹಾಕುವುದಿಲ್ಲ. ಅದೇ ಈ ವಾರದ ವಿಷಯ.

ಹೆಸರಿಲ್ಲದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅದು ಬುಕ್ಕಾಂಬುಧಿಯಲ್ಲೇ ಇರಬೇಕೆಂದಿಲ್ಲ. ಬೀರೂರಿನಲ್ಲಿರಬಹುದು, ಬೆಂಗಳೂರಿನಲ್ಲಿಯೂ ಇರಬಹುದು. ಮಗಳು ರಾತ್ರೋರಾತ್ರಿ ಮಗುವನ್ನೆತ್ತಿಕೊಂಡು ತವರಿಗೆ ಬಂದಿದ್ದಾಳೆ. ಮೈಮೇಲೆ ಬಾಸುಂಡೆ. ಮೂರನೆಯ ದಿನ ಗಂಡ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬರುತ್ತಾನೆ. ಜಗುಲಿಯ ಮೇಲೆ ಚಾಪೆ ಹಾಸಿ ಕಾಫಿ ಕೊಡುತ್ತಾರೆ.

"ತಪ್ಪಾಯ್ತು ಮಾವ. ಮಗು ತಲೆ ಮುಟ್ಟಿ ಹೇಳ್ತೀನಿ, ಇನ್ನು ಮೇಲೆ ಕೈ ಎತ್ತಲ್ಲ."

"ಆಣೆ ಮಾಡಿದಾನಲ್ಲ ಯಜಮಾನ್ರೇ, ಇದೊಂದು ಸಲ ಕಳಿಸಿಕೊಡಿ. ಕುಡಿದ ಮತ್ತಿನಲ್ಲಿ ಆಗಿಹೋಗಿದೆ."

ಒಳಗೆ ಅಡುಗೆಮನೆಯಲ್ಲಿ ತಾಯಿ ಮಗಳಿಗೆ ಹೇಳುತ್ತಾಳೆ: "ಗಂಡಸಿಗೆ ಸಿಟ್ಟು ಬರೋದೇ ಕಣೇ. ಸ್ವಲ್ಪ ಅನುಸರಿಸಿಕೊಂಡು ಹೋಗು."

"ಅಮ್ಮ, ಈ ಸಲ ನಂಗೆ ಭಯ ಆಗ್ತಿದೆ" ಎನ್ನುತ್ತಾಳೆ ಮಗಳು. ಆ ಮಾತು ಜಗುಲಿಯವರೆಗೆ ಹೋಗುವುದಿಲ್ಲ. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿಬಿಡುತ್ತಾರೆ.

ಜಗುಲಿಯ ಮೇಲೆ ಕೂತವರೆಲ್ಲರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಇವನು ಮತ್ತೆ ಹೊಡೆಯುತ್ತಾನೆಯೇ? ಅದಕ್ಕೆ ಅವರು ಉತ್ತರ ಹುಡುಕಿದ್ದು ಆಣೆಯಲ್ಲಿ, ಮುಖದ ಮೇಲಿದ್ದ ಪಶ್ಚಾತ್ತಾಪದಲ್ಲಿ, ಮನೆತನದ ಹೆಸರಿನಲ್ಲಿ. ಏರಿಯನ್ನು ನೋಡದೆ, ಒಡೆಯುವುದಿಲ್ಲವೆಂದು ಕೆರೆಯಿಂದಲೇ ಆಣೆ ಮಾಡಿಸಿಕೊಂಡ ಹಾಗಾಯಿತು ಇದು.

ಎಷ್ಟು ಮನೆಗಳಲ್ಲಿ?

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿ ಎಂದುಕೊಳ್ಳುವಂತಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಎಂದಾದರೊಮ್ಮೆ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಡೀ ದೇಶದ ಸರಾಸರಿ ಸುಮಾರು 29. ಆ ಸುತ್ತಿನಲ್ಲಿ ರಾಜ್ಯಗಳ ಪೈಕಿ ಅತಿ ಹೆಚ್ಚು ಕಂಡದ್ದು ನಮ್ಮಲ್ಲೇ. ಅದಕ್ಕೆ ಹಿಂದಿನ 2015–16ರ ಸುತ್ತಿನಲ್ಲಿ ಕರ್ನಾಟಕದ ಸಂಖ್ಯೆ ಸುಮಾರು 21 ಇತ್ತು. ಹಿಂಸೆಯೇ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಕೇಳಿದ ರೀತಿಯಲ್ಲಿ ವ್ಯತ್ಯಾಸವಿತ್ತೋ ಎಂಬುದನ್ನು ಬರೀ ಸಂಖ್ಯೆ ಹೇಳಲಾರದು. ಆದರೆ ಸಂಖ್ಯೆ ಸಣ್ಣದಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಇನ್ನೂ ಒಂದು ಅಂಶ: ದೇಶದಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 14 ಮಂದಿ ಮಾತ್ರ ನೆರವು ಕೇಳಿದ್ದರು. 77 ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಿಗೂ ಬಾಯಿಬಿಟ್ಟಿರಲೂ ಇಲ್ಲ.

ಒಮ್ಮೆ ಹೊಡೆದವರೆಲ್ಲ ಒಂದೇ ಸಮನೆ ಹೊಡೆಯುತ್ತಲೇ ಇರುತ್ತಾರೆಯೇ? ಇಲ್ಲ. ಈ ವಿಷಯದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದು ತಿಳಿಯಬೇಕಾದದ್ದು. 1981–82ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ಸಂಶೋಧಕರು ಪೊಲೀಸರ ಜತೆ ಸೇರಿ ಇದನ್ನು ನಡೆಸಿದರು. ಪೊಲೀಸರ ಕೈಗೆ ಮೂರು ಬಣ್ಣದ ಹಾಳೆಗಳ ಪುಸ್ತಕ ಕೊಟ್ಟಿದ್ದರು. ಮೇಲೆ ಬಂದ ಹಾಳೆಯ ಬಣ್ಣ ನೋಡಿ ಗಂಡನನ್ನು ಬಂಧಿಸಬೇಕು, ಇಲ್ಲವೇ ಬುದ್ಧಿ ಹೇಳಬೇಕು, ಇಲ್ಲವೇ ಕೆಲವು ಗಂಟೆಗಳ ಕಾಲ ಮನೆಯಿಂದ ಹೊರಗೆ ಕಳಿಸಬೇಕು. ಚೀಟಿ ಎತ್ತಿದ ಹಾಗೆ. ಹಾಗೇಕೆಂದರೆ, ಪೊಲೀಸರೇ ಆರಿಸಿದರೆ ಕೆಟ್ಟವರನ್ನು ಬಂಧಿಸಿ ಸಾಧುಗಳಿಗೆ ಬುದ್ಧಿ ಹೇಳುತ್ತಿದ್ದರು. ಆಗ ಹೋಲಿಕೆಗೆ ಅರ್ಥವಿರುತ್ತಿರಲಿಲ್ಲ. ಆರು ತಿಂಗಳ ಪೊಲೀಸ್ ದಾಖಲೆ ನೋಡಿದಾಗ ಬಂಧನಕ್ಕೊಳಗಾದವರಲ್ಲಿ ನೂರಕ್ಕೆ ಸುಮಾರು 10, ಬುದ್ಧಿ ಹೇಳಿಸಿಕೊಂಡವರಲ್ಲಿ 19, ಹೊರಗೆ ಕಳಿಸಿದವರಲ್ಲಿ 24 ಮಂದಿ ಮತ್ತೆ ಹಿಂಸೆ ಮಾಡಿದ್ದರು.

ವಿಜ್ಞಾನದಲ್ಲಿ ಒಂದು ಸಲ ಬಂದ ಫಲ ಸಾಲದು. ಅದೇ ಪ್ರಯೋಗವನ್ನು ಬೇರೆ ಐದು ನಗರಗಳಲ್ಲಿ ಮಾಡಿ ನೋಡಿದರು. ಫಲ ಒಂದೇ ತೆರನಾಗಿ ಬರಲಿಲ್ಲ. ಕೆಲವು ಕಡೆ, ಕೆಲಸವಿಲ್ಲದವರನ್ನು ಬಂಧಿಸಿದಾಗ ಹಿಂಸೆ ಹೆಚ್ಚಿದ್ದೂ ಉಂಟು. ಕೊನೆಗೆ 2001ರಲ್ಲಿ ಐದೂ ನಗರಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಂಧನದಿಂದ ಸ್ವಲ್ಪ ಮಟ್ಟಿಗೆ ಉಪಯೋಗವಿದೆ ಎಂದು ತಿಳಿಯಿತು. ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಮಾತಾಡಿಸಿದ ಹೆಂಗಸರು ಹೇಳಿದ ಸುಮಾರು 9,000 ಘಟನೆಗಳಲ್ಲಿ ನೂರಕ್ಕೆ 82ರಷ್ಟು ನಡೆದದ್ದು ಕೇವಲ 8 ಶೇಕಡಾ ಹೆಂಗಸರ ಮೇಲೆ. ಅಂದರೆ ಮರುಹಿಂಸೆ ಎಲ್ಲ ಮನೆಗಳಲ್ಲೂ ಸಮನಾಗಿ ಹರಡಿರುವುದಿಲ್ಲ. ಕೆಲವೇ ಮನೆಗಳಲ್ಲಿ ಅದು ಮಡುಗಟ್ಟಿರುತ್ತದೆ. ಆ ಮನೆಗಳನ್ನು ಮೊದಲೇ ಗುರುತಿಸುವುದು ಸಾಧ್ಯವಾದರೆ ಎಷ್ಟೋ ಜೀವ ಉಳಿಯುತ್ತದೆ.

ಕುರುಹುಗಳ ಪಟ್ಟಿ

ಹಾಗೆ ಗುರುತಿಸುವ ಪ್ರಯತ್ನ ನಾಲ್ಕು ದಶಕಗಳಿಂದ ನಡೆದಿದೆ. ಅಮೆರಿಕದ ಶುಶ್ರೂಷಾ ತಜ್ಞೆ ಜ್ಯಾಕ್ಲಿನ್ ಕ್ಯಾಂಪ್‌ಬೆಲ್ 1985ರ ಸುಮಾರಿಗೆ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಅದರ ಮೊದಲ ಕೆಲಸ ತೀರ ಸರಳ. ಹೆಂಗಸಿನ ಮುಂದೆ ಕಳೆದ ವರ್ಷದ ಕ್ಯಾಲೆಂಡರ್ ಇಟ್ಟು, ಯಾವ ಯಾವ ದಿನ ಹೊಡೆದ, ಎಷ್ಟು ಜೋರು, ಗುರುತು ಹಾಕು ಎನ್ನುವುದು. ನಮ್ಮ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುತ್ತಾರಲ್ಲ, ಹಾಗೆ. "ಯಾವಾಗಲೋ ಒಂದೆರಡು ಸಲ" ಎನ್ನುತ್ತಿದ್ದವಳಿಗೆ ಹಾಳೆ ತಿರುವುತ್ತ ಹೋದಂತೆ ಅದು ಒಂದೆರಡು ಸಲವಲ್ಲ, ದಿನಗಳ ನಡುವಿನ ಅಂತರ ಕಡಿಮೆಯಾಗುತ್ತಿದೆ, ಪೆಟ್ಟು ಜೋರಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮರೆವು ನೋವಿಗೆ ಮದ್ದು, ಆದರೆ ಲೆಕ್ಕಕ್ಕೆ ಶತ್ರು. (ಇಂಥ ಗುರುತನ್ನು ಅವನ ಕಣ್ಣಿಗೆ ಬೀಳುವ ಕಡೆ ಇಡಬಾರದು ಎಂಬುದನ್ನೂ ಇಲ್ಲೇ ಹೇಳಬೇಕು.)

ಇನ್ನೊಂದು ಪಟ್ಟಿ ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು. ಅಲ್ಲಿನ ಪೊಲೀಸರೂ ಸಂಶೋಧಕರೂ ಸೇರಿ, ಹಳೆಯ ಪ್ರಕರಣಗಳ ಕಡತಗಳನ್ನು ಬಿಚ್ಚಿ, ಮತ್ತೆ ಹೊಡೆದವರಿಗೂ ಹೊಡೆಯದವರಿಗೂ ಏನು ವ್ಯತ್ಯಾಸವೆಂದು ಹುಡುಕಿ 2004ರಲ್ಲಿ ಪ್ರಕಟಿಸಿದರು. 'ಒಡಾರಾ' ಎಂದು ಅದನ್ನು ಕರೆಯುತ್ತಾರೆ. ಇದರಲ್ಲಿ 13 ಪ್ರಶ್ನೆಗಳು. ಉತ್ತರ ಹೌದು ಅಥವಾ ಇಲ್ಲ. ಹಿಂದೆ ಹೊಡೆದದ್ದು ಪೊಲೀಸ್ ದಾಖಲೆಯಲ್ಲಿದೆಯೇ? ಮನೆಯ ಹೊರಗೂ ಜಗಳಗಂಟನೇ? ಈ ಸಲ ಕೊಲ್ಲುತ್ತೇನೆ, ಕೈಕಾಲು ಮುರಿಯುತ್ತೇನೆ ಎಂದು ಹೆದರಿಸಿದನೇ? ಹೊರಗೆ ಹೋಗದಂತೆ ಕೂಡಿಹಾಕಿದನೇ? ಕುಡಿತ ಮೊದಲಾದ ಚಟವಿದೆಯೇ? ಬಸುರಿಯಾಗಿದ್ದಾಗ ಹೊಡೆದದ್ದುಂಟೇ? ಮತ್ತೆ ಹೊಡೆಯುತ್ತಾನೆಂಬ ಆತಂಕ ಅವಳಿಗಿದೆಯೇ? ನೆರವು ಪಡೆಯಲು ಅವಳಿಗೆ ಅಡ್ಡಿಗಳಿವೆಯೇ, ಅಂದರೆ ಫೋನಿಲ್ಲ, ವಾಹನವಿಲ್ಲ, ಅಕ್ಕಪಕ್ಕ ಮನೆಗಳಿಲ್ಲ ಎಂಬಂಥವು? ಹೀಗೆ ಸಾಗುತ್ತದೆ ಪಟ್ಟಿ. ಸುಮಾರು ಐದು ವರ್ಷ ಗಮನಿಸಿದಾಗ, ಒಂದು ಕುರುಹೂ ಇಲ್ಲದವರಲ್ಲಿ ಮತ್ತೆ ಹಿಂಸೆ ಮಾಡಿದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಏಳು ಅಥವಾ ಹೆಚ್ಚು ಕುರುಹುಗಳಿದ್ದವರಲ್ಲಿ ಸುಮಾರು ಎಪ್ಪತ್ತು.

ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ನೋಡಿ. ಅವನು ಅತ್ತನೇ? ಕಾಲಿಗೆ ಬಿದ್ದನೇ? ಆಣೆ ಮಾಡಿದನೇ? ಹದಿಮೂರರಲ್ಲಿ ಇದಾವುದೂ ಇಲ್ಲ.

ಎಲ್ಲಕ್ಕಿಂತ ಕೆಂಪು ಕುರುಹುಗಳು

ಮತ್ತೆ ಹೊಡೆಯುವುದು ಒಂದು, ಜೀವಕ್ಕೆ ಎರವಾಗುವುದು ಇನ್ನೊಂದು. ಎರಡನೆಯದಕ್ಕೆ ಕೆಲವು ವಿಶೇಷ ಕುರುಹುಗಳಿವೆ. 2003ರಲ್ಲಿ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಮೆರಿಕದ 11 ನಗರಗಳಲ್ಲಿ ಸಂಗಾತಿಯಿಂದ ಕೊಲೆಯಾದ 220 ಹೆಂಗಸರ ಪ್ರಕರಣಗಳನ್ನು, ಹಿಂಸೆ ಅನುಭವಿಸಿಯೂ ಬದುಕಿದ್ದ 343 ಹೆಂಗಸರ ವಿವರಗಳೊಂದಿಗೆ ಹೋಲಿಸಿದರು. ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಅಪಾಯ ಸುಮಾರು ಐದು ಪಟ್ಟು. ಹೆಜ್ಜೆಹೆಜ್ಜೆಗೂ ಹೆಂಡತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವವನಿಂದ ಅವಳು ದೂರವಾದಾಗ ಅದು ಸುಮಾರು ಒಂಬತ್ತು ಪಟ್ಟು.

ಈ ಕೊನೆಯ ಮಾತು ತಂದೆತಾಯಂದಿರಿಗೆ ಮುಖ್ಯ. "ಹೇಗೂ ತವರಿಗೆ ಬಂದಳಲ್ಲ, ಇನ್ನೇನು ಭಯ" ಎಂಬುದು ಸರಿಯಲ್ಲ. ಮಗಳು ಬಂದ ಮೊದಲ ದಿನಗಳೇ ಹೆಚ್ಚು ಎಚ್ಚರದ ದಿನಗಳು. ಹಾಗೆಂದು ಬರಬಾರದೆಂದಲ್ಲ. ಬರುವಾಗ ಜತೆಗೆ ಯಾರಿರಬೇಕು, ಎಲ್ಲಿ ಉಳಿಯಬೇಕು, ಅವನು ಬಂದರೆ ಯಾರು ಮಾತಾಡಬೇಕು ಎಂಬುದನ್ನು ಮೊದಲೇ ಯೋಚಿಸಿರಬೇಕು ಎಂದರ್ಥ.

ಇನ್ನೊಂದು ಕುರುಹು ಕುತ್ತಿಗೆಯದು. ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಗಳಿವೆ ಎಂಬುದನ್ನು ಜೀವಶಾಸ್ತ್ರದ ಪಾಠದಲ್ಲಿ ಓದಿರುತ್ತೀರಿ. 2008ರ ಅಧ್ಯಯನವೊಂದರ ಪ್ರಕಾರ, ಹಿಂದೆ ಒಮ್ಮೆ ಕುತ್ತಿಗೆ ಹಿಸುಕಿಸಿಕೊಂಡು ಬದುಕುಳಿದವಳು ಮುಂದೆ ಅದೇ ಕೈಯಿಂದ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಮಿಕ್ಕಿದ್ದು. ಆದರೆ ಇದು ಹೊರಗೆ ಕಾಣುವುದಿಲ್ಲ. ಸ್ಯಾನ್ ಡಿಯೇಗೊ ನಗರದಲ್ಲಿ ಇಂಥ 300 ಪ್ರಕರಣಗಳನ್ನು ಪರಿಶೀಲಿಸಿದಾಗ ಅರ್ಧದಷ್ಟು ಹೆಂಗಸರ ಕುತ್ತಿಗೆಯ ಮೇಲೆ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ. ಕೆನ್ನೆಯ ಮೇಲೆ ಬೆರಳ ಗುರುತು ಕಂಡರೆ ಮನೆಯವರು ಗಾಬರಿಯಾಗುತ್ತಾರೆ. ಕುತ್ತಿಗೆಗೆ ಕೈ ಹಾಕಿದ್ದನ್ನು "ಸುಮ್ಮನೆ ಹೆದರಿಸಿದ" ಎಂದು ತಳ್ಳಿಹಾಕುತ್ತಾರೆ. ಲೆಕ್ಕ ಹೇಳುವುದು ಇದಕ್ಕೆ ತಿರುಗುಮುರುಗು. ಹಾಗೇನಾದರೂ ಆಗಿದ್ದರೆ ಗಾಯ ಕಾಣದಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು.

ಮತ್ತೆ ಅಡುಗೆಮನೆಯಲ್ಲಿ ಮಗಳು ಹೇಳಿದ ಮಾತು: "ಈ ಸಲ ನಂಗೆ ಭಯ ಆಗ್ತಿದೆ." ಅವನ ಜತೆ ಬಾಳಿದವಳು ಅವಳು. ಯಾವ ಹೆಜ್ಜೆ ಸಪ್ಪಳಕ್ಕೆ ಏನರ್ಥ ಎಂದು ಬಲ್ಲವಳು. 'ಈ ಸಲ' ಎಂಬ ಎರಡು ಪದದಲ್ಲಿ ಹಿಂದಿನ ಎಲ್ಲ ಸಲಗಳ ಜತೆಗಿನ ಹೋಲಿಕೆ ಅಡಗಿದೆ. ಒಡಾರಾದಲ್ಲಿ ಅವಳ ಆತಂಕವೇ ಒಂದು ಅಂಕ ಎಂಬುದು ಆಕಸ್ಮಿಕವಲ್ಲ. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಕ್ಯಾಂಪ್‌ಬೆಲ್ ಅವರ ಅಧ್ಯಯನಗಳಲ್ಲಿ, ಕೊಲೆಯಾದ ಅಥವಾ ಕೂದಲೆಳೆಯಲ್ಲಿ ಪಾರಾದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಮ್ಮ ಜೀವಕ್ಕೆ ಅಷ್ಟು ಅಪಾಯವಿದೆ ಎಂದು ಅನ್ನಿಸಿರಲಿಲ್ಲ. ಆದ್ದರಿಂದ ಸೂತ್ರ ಇಷ್ಟು: ಅವಳು ಭಯವಿದೆ ಎಂದರೆ ನಂಬಿ, ಭಯವಿಲ್ಲ ಎಂದರೆ ಅದೊಂದನ್ನೇ ನಂಬಿ ಕೂರಬೇಡಿ, ಉಳಿದ ಕುರುಹುಗಳನ್ನೂ ಎಣಿಸಿ.

ಬೆಂಗಳೂರಿನಲ್ಲಿ ಕಂಡದ್ದು

ಇವೆಲ್ಲ ಹೊರದೇಶದ ಮಾತಾಯಿತು. ನಮ್ಮಲ್ಲಿ? 2005–06ರಲ್ಲಿ ಸಂಶೋಧಕಿ ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ಬೆಂಗಳೂರಿನ ಕೊಳೆಗೇರಿಗಳ 744 ಮಂದಿ ವಿವಾಹಿತ ಯುವತಿಯರನ್ನು ಮಾತಾಡಿಸಿದರು. ಎಲ್ಲರೂ 16ರಿಂದ 25 ವರ್ಷದವರು. ಅರ್ಧಕ್ಕಿಂತ ಹೆಚ್ಚು ಮಂದಿ ಪೆಟ್ಟು ತಿಂದವರೇ ಆಗಿದ್ದರು. ಈ ಅಧ್ಯಯನದ ಹೆಚ್ಚುಗಾರಿಕೆ ಎಂದರೆ, ಒಂದು ಸಲ ಕೇಳಿ ಬಿಡದೆ ಅದೇ ಯುವತಿಯರನ್ನು ಎರಡು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಕಂಡು, ನಡುವೆ ಏನು ಬದಲಾಯಿತು ಎಂದು ನೋಡಿದ್ದು. ಕೆಲಸದಲ್ಲಿ ನೆಲೆಯಾಗಿದ್ದ ಗಂಡನಿಗೆ ಹೊಸದಾಗಿ ಕೆಲಸದ ತೊಂದರೆ ಬಂದ ಮನೆಗಳಲ್ಲಿ ಮುಂದಿನ ಭೇಟಿಯ ಹೊತ್ತಿಗೆ ಹಿಂಸೆಯ ಸಂಭವ ಸುಮಾರು 1.7 ಪಟ್ಟು ಆಗಿತ್ತು. ಅಚ್ಚರಿಯ ಸಂಗತಿ ಇನ್ನೊಂದು: ಕೆಲಸಕ್ಕೆ ಹೋಗದಿದ್ದ ಹೆಂಡತಿ ಹೊಸದಾಗಿ ದುಡಿಯಲು ಹೊರಟ ಮನೆಗಳಲ್ಲೂ ಅದು ಸುಮಾರು 1.8 ಪಟ್ಟು.

ಹೆಣ್ಣುಮಕ್ಕಳು ದುಡಿಯಬಾರದು ಎಂದು ಇದರ ಅರ್ಥವಲ್ಲ. ಯಾವ ಸಂಸಾರದಲ್ಲಿ ಹಿಡಿತ ಕೈತಪ್ಪುತ್ತಿದೆ ಎಂದು ಗಂಡಸಿಗೆ ಅನ್ನಿಸುತ್ತದೋ ಅಲ್ಲಿ ಅಪಾಯ ಏರುತ್ತದೆ ಎಂದು ಅರ್ಥಮಾಡಿಕೊಳ್ಳಬಹುದು. ಅಪಾಯ ಎಂಬುದು ಮನುಷ್ಯನ ಹಣೆಯಲ್ಲಿ ಬರೆದ ಸ್ಥಿರಾಂಕವಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಕೆರೆಯ ನೀರಿನ ಮಟ್ಟದ ಹಾಗೆ ಅದು ಏರುತ್ತದೆ, ಇಳಿಯುತ್ತದೆ. ಕುಡಿತದ ಪಾತ್ರವೂ ಸ್ಪಷ್ಟ: ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆಗಾಗ್ಗೆ ಕುಡಿದು ಬರುವ ಗಂಡಂದಿರ ಹೆಂಡಿರಲ್ಲಿ ನೂರಕ್ಕೆ ಸುಮಾರು 70 ಮಂದಿ ಹಿಂಸೆ ಅನುಭವಿಸಿದ್ದರೆ, ಕುಡಿಯದವರ ಹೆಂಡಿರಲ್ಲಿ ಸುಮಾರು 23. ಆ 23ನ್ನೂ ಮರೆಯಬಾರದು. ಕುಡಿತವೊಂದೇ ಕಾರಣವಾಗಿದ್ದರೆ ಅದು ಸೊನ್ನೆಯಾಗಬೇಕಿತ್ತು.

ಲೆಕ್ಕ ಎಲ್ಲಿ ಎಡವುತ್ತದೆ?

ಈಗ ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಿರಿ. ಅಭ್ಯಾಸಕ್ಕೆಂದು ಕಲ್ಪಿಸಿಕೊಂಡ ಸಂಖ್ಯೆಗಳಿವು. ಹೆಂಡತಿಗೆ ಹೊಡೆದ 1,000 ಗಂಡಸರಿದ್ದಾರೆ. ಒಂದು ಪ್ರಶ್ನಾವಳಿ, ಅಪಾಯಕಾರಿಗಳಲ್ಲಿ ನೂರಕ್ಕೆ 80 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ; ಅಪಾಯವಿಲ್ಲದವರಲ್ಲಿ ನೂರಕ್ಕೆ 20 ಮಂದಿಯನ್ನು ತಪ್ಪಾಗಿ ಅಪಾಯಕಾರಿ ಎನ್ನುತ್ತದೆ.

ಮೊದಲ ಲೆಕ್ಕ: ಈ ಸಾವಿರದಲ್ಲಿ 300 ಮಂದಿ ಮತ್ತೆ ಹೊಡೆಯುವವರು ಎನ್ನೋಣ. ಅವರಲ್ಲಿ 240 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 700ರಲ್ಲಿ 140 ಮಂದಿ ತಪ್ಪಾಗಿ ಸೇರುತ್ತಾರೆ. ಒಟ್ಟು 380ರಲ್ಲಿ 240 ಸರಿ, ಅಂದರೆ ನೂರಕ್ಕೆ 63.

ಎರಡನೆಯ ಲೆಕ್ಕ: ಕೊಲ್ಲುವ ಮಟ್ಟಕ್ಕೆ ಹೋಗುವವರು ಸಾವಿರದಲ್ಲಿ 10 ಮಂದಿ ಎನ್ನೋಣ. 8 ಮಂದಿ ಸಿಗುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಉಳಿದ 990ರಲ್ಲಿ 198 ಮಂದಿ ತಪ್ಪಾಗಿ ಸೇರುತ್ತಾರೆ. ಒಟ್ಟು 206ರಲ್ಲಿ 8 ಸರಿ. ನೂರಕ್ಕೆ ನಾಲ್ಕೂ ಇಲ್ಲ!

ಪ್ರಶ್ನಾವಳಿ ಅದೇ, ಚುರುಕು ಅಷ್ಟೇ. ಆದರೆ ಹುಡುಕುವ ವಸ್ತು ಅಪರೂಪದ್ದಾದಂತೆ ತಪ್ಪುಗಳು ಹೆಚ್ಚುತ್ತವೆ. ಇದರಿಂದ ಎರಡು ಪಾಠ. ಒಂದು, ಅಂಕ ಹೆಚ್ಚು ಬಂತೆಂದು ಯಾರನ್ನೂ "ಇವನು ಮುಂದೆ ಕೊಲೆಗಾರ" ಎಂದು ಶಿಕ್ಷಿಸುವಂತಿಲ್ಲ. ಶಿಕ್ಷೆ ಮಾಡಿದ ತಪ್ಪಿಗೆ, ಮಾಡಬಹುದಾದದ್ದಕ್ಕಲ್ಲ. ಅಂಕವಿರುವುದು ಕಾವಲು ಎಷ್ಟು ಬೇಕೆಂದು ತಿಳಿಯಲು. 206 ಮನೆಗಳಿಗೆ ಕಾವಲು ಹಾಕಿ 8 ಜೀವ ಉಳಿದರೆ ಅದು ನಷ್ಟದ ಬಾಬತ್ತಲ್ಲ. ಎರಡು, ಅಂಕ ಕಡಿಮೆ ಬಂತೆಂದು ಮೈಮರೆಯುವಂತಿಲ್ಲ. ತಪ್ಪಿಸಿಕೊಂಡ ಆ ಇಬ್ಬರನ್ನು ನೆನೆಯಿರಿ. ಸ್ಪೇನ್ ದೇಶದಲ್ಲಿ 2007ರಿಂದ ಪೊಲೀಸರು ಗಣಕಯಂತ್ರದ ನೆರವಿನಿಂದ ಇಂಥ ಅಪಾಯದ ಮಟ್ಟ ನಿರ್ಧರಿಸುತ್ತಿದ್ದಾರೆ. ಅಲ್ಲಿಯೂ ಕಡಿಮೆ ಅಪಾಯವೆಂದು ಬರೆಸಿಕೊಂಡು ಮನೆಗೆ ಹೋದ ಮೇಲೆ ಕೊಲೆಯಾದ ಹೆಂಗಸರಿದ್ದಾರೆ.

ಇನ್ನೊಂದು ತೊಡಕು ಅಳತೆಗೋಲಿನದು. ಆಗುಂಬೆಯಲ್ಲಿ ಸಾಧಾರಣ ಎನ್ನಿಸುವ ಒಂದು ದಿನದ ಮಳೆ ಬುಕ್ಕಾಂಬುಧಿಯಲ್ಲಿ ಸುರಿದರೆ ಜನ ಏರಿಯ ಕಾವಲಿಗೆ ಓಡಬೇಕಾಗುತ್ತದೆ. ಒಡಾರಾ ಕೆನಡಾದ ಪೊಲೀಸ್ ಕಡತಗಳಿಂದ ಹುಟ್ಟಿದ್ದು. ನಮ್ಮಲ್ಲಿ ಹೆಚ್ಚಿನ ಪ್ರಕರಣಗಳು ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. "ಹಿಂದಿನ ದಾಖಲೆ ಇಲ್ಲ" ಎಂದರೆ "ಹಿಂದೆ ಹೊಡೆದಿಲ್ಲ" ಎಂದಲ್ಲ. ವರದಕ್ಷಿಣೆಯ ಒತ್ತಾಯ, ಅತ್ತೆ ಮಾವ ನಾದಿನಿಯರ ಕೈವಾಡ ಅಲ್ಲಿನ ಹದಿಮೂರರಲ್ಲಿ ಬರುವುದಿಲ್ಲ. ಪಟ್ಟಿಯ ಅಂಕಗಳನ್ನು ಹಾಗೆಯೇ ಇಲ್ಲಿಗೆ ತಂದು ಹಚ್ಚಲಾಗದು. ಎಣಿಸುವ ಅಭ್ಯಾಸವನ್ನು ತರಬಹುದು.

ನಮ್ಮದೇ ಒಂದು ನಮೂನೆ

ಆ ಅಭ್ಯಾಸಕ್ಕೆ ಬೇಕಾದ ಕಾಗದ ನಮ್ಮ ಕಾನೂನಿನಲ್ಲೇ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ ನಿಯಮಗಳ ಜತೆಗಿರುವ 5ನೆಯ ನಮೂನೆಯ ಹೆಸರು 'ಸುರಕ್ಷತಾ ಯೋಜನೆ'. ಏನು ಹಿಂಸೆಯಾಯಿತು, ಅದರಿಂದ ಏನಾಯಿತು, ಮುಂದೆ ಏನಾಗಬಹುದೆಂಬ ಭಯ ಅವಳಿಗಿದೆ, ಸುರಕ್ಷತೆಗೆ ಏನು ಬೇಕು, ನ್ಯಾಯಾಲಯದಿಂದ ಯಾವ ಆದೇಶ ಕೇಳಬೇಕು ಎಂದು ಅದರಲ್ಲಿ ಸಾಲಾಗಿ ಬರೆಯಬೇಕು. ಜಗುಲಿಯ ಮೇಲೆ ಯಾರೂ ಕೇಳದ ಅವಳ ಭಯಕ್ಕೆ ಈ ನಮೂನೆಯಲ್ಲಿ ಒಂದು ಅಂಕಣವೇ ಮೀಸಲಿದೆ.

ಇದನ್ನು ತುಂಬಿಸಿಕೊಳ್ಳಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿಯದು. ಅವರನ್ನು ತಲುಪುವ ದಾರಿ ತಿಳಿಯದಿದ್ದರೆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಬಹುದು. ದೂರನ್ನು ಹೆಂಡತಿಯೇ ಕೊಡಬೇಕೆಂದಿಲ್ಲ. ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ, ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು. ಅದನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಹಳೆಯ ದಂಡಸಂಹಿತೆಯ 498-ಎ ಸೆಕ್ಷನ್ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85ನೆಯ ಸೆಕ್ಷನ್ ಆಗಿದೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಜಗುಲಿಯ ಮೇಲೆ ಮತ್ತೊಮ್ಮೆ

ಮೊದಲು ಊಹಿಸಿಕೊಂಡ ಮನೆಗೆ ಮರಳೋಣ. ಆ ಹಿರಿಯರು ಕಾಫಿ ಕುಡಿದು ಆಣೆ ಕೇಳುವ ಬದಲು ಅಡುಗೆಮನೆಯವಳನ್ನು ಹತ್ತಿರ ಕರೆದು, ಅವನನ್ನು ದೂರ ಕೂರಿಸಿ, ಆರೇಳು ಪ್ರಶ್ನೆ ಕೇಳಿದ್ದರೆ? "ಇದು ಎಷ್ಟನೇ ಸಲ ಮಗಳೇ?" "ನಾಲ್ಕನೇದು ದೊಡ್ಡಪ್ಪ." "ಬಸುರಿಯಾಗಿದ್ದಾಗ?" "ಆಗಲೂ ಹೊಡೆದಿದ್ರು." "ಕೊಲ್ತೀನಿ ಅಂದಿದ್ನೇ?" "ಹೂಂ." "ಬಾಗಿಲು ಹಾಕಿದ್ನೇ?" "ಚಿಲಕ ಹಾಕಿ ಫೋನು ಕಿತ್ಕೊಂಡ್ರು." "ಕೆಲಸ?" "ಎರಡು ತಿಂಗಳಿಂದ ಇಲ್ಲ." "ಕುತ್ತಿಗೆಗೆ ಕೈ ಹಾಕಿದ್ನೇ?" ಅವಳು ಮಾತಾಡುವುದಿಲ್ಲ, ಸೆರಗಿನಿಂದ ಕುತ್ತಿಗೆ ಮುಚ್ಚಿಕೊಳ್ಳುತ್ತಾಳೆ.

ಐದು ನಿಮಿಷದ ಮಾತು ಇದು. ಇಷ್ಟನ್ನು ಕೇಳಿದ ಯಾವ ಹಿರಿಯನೂ ಅಂದು ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಲಾರ.

ಓದುತ್ತಿರುವ ಮಕ್ಕಳಿಗೆ ಕೊನೆಯ ಎರಡು ಮಾತು. ಇಂಥ ಮನೆಯಲ್ಲಿ ನೀವಿದ್ದರೆ ತಪ್ಪು ನಿಮ್ಮದಲ್ಲ. ಜಗಳ ಬಿಡಿಸಲು ನಡುವೆ ನುಗ್ಗಬೇಡಿ. ಪಕ್ಕದ ಮನೆಗೆ ಹೋಗಿ, 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಫೋನು ಮಾಡಿ, ನಂಬಿಕೆಯ ಮೇಷ್ಟ್ರಿಗೋ ಮೇಡಂಗೋ ಹೇಳಿ. ಅಪ್ಪ ಅಮ್ಮನನ್ನು ಹೊಡೆಯುವುದನ್ನು ಕಂಡು ಬೆಳೆದವರು ಮುಂದೆ ತಾವೂ ಹೊಡೆಯುವ ಅಪಾಯ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ ನಿಜ. ಆದರೆ ಎರಡನೆಯ ಲೆಕ್ಕವನ್ನು ಈಗಷ್ಟೇ ಮಾಡಿದ್ದೀರಿ. ಅಂಕ ಹಣೆಬರಹವಲ್ಲ. ಕುರುಹು ಗೊತ್ತಿದ್ದವನಿಗೆ ತನ್ನ ಕೈಯನ್ನು ತಾನೇ ತಡೆಯುವ ಅವಕಾಶವೂ ಇರುತ್ತದೆ.

ಏರಿಯಲ್ಲಿ ಕೆಂಪು ನೀರು ಕಂಡ ರಾತ್ರಿ ಬುಕ್ಕಾಂಬುಧಿಯಂಥ ಊರಿನಲ್ಲಿ ಯಾರೂ "ಅದು ಕೆರೆಯ ಖಾಸಗಿ ವಿಷಯ" ಎಂದು ಮಲಗುವುದಿಲ್ಲ. ಲಾಟೀನು ಹಿಡಿದೋ ಬ್ಯಾಟರಿ ಹಿಡಿದೋ, ಮಣ್ಣಿನ ಚೀಲ ಹೊತ್ತು ಹೊರಡುತ್ತಾರೆ. ಆ ರಾತ್ರಿ ಕೆರೆ ಒಡೆಯದಿದ್ದರೆ ನಿದ್ದೆ ಹಾಳಾಯಿತೆಂದು ಯಾರೂ ಗೊಣಗುವುದಿಲ್ಲ.